ಗಂಡಸರ ಶೇಪ್‌ವೇರ್: ಕೊಳ್ಳುವ ಮೊದಲು, ತೊಟ್ಟಾಗ, ಬಿಚ್ಚಬೇಕಾದಾಗ

ಮದುವೆ ಸೀಸನ್ ಶುರುವಾಯಿತೆಂದರೆ ಟೈಲರ್ ಅಂಗಡಿಗೆ ಬರುವ ಗಂಡಸರಲ್ಲಿ ಕೆಲವರು ಅಳತೆ ಕೊಟ್ಟಾದ ಮೇಲೂ ಹೋಗದೆ ನಿಲ್ಲುತ್ತಾರೆ. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳುತ್ತಾರೆ: "ಒಳಗೆ ಆ ಟೈಟ್ ಬನಿಯನ್ ಹಾಕ್ಕೊಂಡ್ರೆ ಹೊಟ್ಟೆ ಕಾಣಲ್ವಂತಲ್ಲ, ಹೌದಾ?"

ಹೌದು, ಒಂದಿಷ್ಟು ಕಡಿಮೆ ಕಾಣುತ್ತದೆ. ಮೈಯನ್ನು ಒತ್ತಿ ಹಿಡಿದು ಆಕಾರ ಕೊಡುವ ಇಂಥ ಬಿಗಿ ಒಳಉಡುಪುಗಳಿಗೇ ಶೇಪ್‌ವೇರ್ ಎನ್ನುವುದು. ಹೊಟ್ಟೆ ಕರಗುವುದಿಲ್ಲ, ಒತ್ತಿಕೊಂಡು ಮಟ್ಟಸವಾಗುತ್ತದೆ ಅಷ್ಟೆ. ಶರ್ಟಿನ ಗುಂಡಿಗಳ ನಡುವೆ ಬಟ್ಟೆ ಬಾಯಿಬಿಡುವುದು ನಿಲ್ಲುತ್ತದೆ, ಎದೆಯ ಭಾಗ ಸಮನಾಗಿ ಕೂರುತ್ತದೆ. ಇದನ್ನು ಕೇಳಲು ನಾಚಿಕೊಳ್ಳಬೇಕಾಗಿಲ್ಲ. 1820ರಲ್ಲಿ ಇಂಗ್ಲೆಂಡಿನ ದೊರೆಯಾದ ನಾಲ್ಕನೇ ಜಾರ್ಜ್ ಕೂಡ ಕಾರ್ಸೆಟ್, ಅಂದರೆ ನಡು ಬಿಗಿಯುವ ಒಳಉಡುಪು ಬಿಗಿದುಕೊಳ್ಳುತ್ತಿದ್ದ. ಆಗ ಬಿಗಿಯುವುದಕ್ಕೆ ದಾರ ಮತ್ತು ಗಡಸು ಪಟ್ಟಿಗಳಿದ್ದವು. 1958ರಲ್ಲಿ ಡ್ಯುಪಾಂಟ್ ಕಂಪನಿಯ ಜೋಸೆಫ್ ಶೈವರ್ಸ್ ಸ್ಪ್ಯಾಂಡೆಕ್ಸ್ ನೂಲನ್ನು ಕಂಡುಹಿಡಿದ ಮೇಲೆ ಆ ಕೆಲಸವನ್ನು ಹಿಗ್ಗಿ ಕುಗ್ಗುವ ಬಟ್ಟೆಯೇ ಮಾಡತೊಡಗಿತು. ಲೈಕ್ರಾ, ಎಲಾಸ್ಟೇನ್ ಎಂದೆಲ್ಲ ಲೇಬಲ್ ಮೇಲೆ ಕಾಣುವುದು ಇದೇ ನೂಲು.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ತೊಟ್ಟಾಗ ಆಗುವ ಸಂಕಟವನ್ನು "ಚೆನ್ನಾಗಿ ಕಾಣಬೇಕಾದರೆ ಇಷ್ಟು ತಡೆದುಕೊಳ್ಳಲೇಬೇಕು" ಎಂದು ನುಂಗಿಕೊಳ್ಳಬೇಡಿ. ಎಲ್ಲಿ ನೋಯುತ್ತಿದೆ ಎಂಬುದನ್ನು ಗಮನಿಸಿದರೆ ತಪ್ಪು ಅಳತೆಯಲ್ಲಿದೆಯೋ, ಬಟ್ಟೆಯಲ್ಲಿದೆಯೋ, ಕಟ್‌ನಲ್ಲಿದೆಯೋ ಅಥವಾ ತೊಟ್ಟ ಹೊತ್ತಿನಲ್ಲಿದೆಯೋ ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಮೊದಲ ಮೂರನ್ನು ಸರಿಪಡಿಸಬಹುದು. ನಾಲ್ಕನೆಯದಕ್ಕೆ ಬಿಚ್ಚುವುದೊಂದೇ ದಾರಿ.

ಹಂತ 1: ಮೊದಲು ಹೊರಗಿನ ಬಟ್ಟೆ ಸರಿಮಾಡಿ

ಶೇಪ್‌ವೇರ್ ಬೇಕೇ ಬೇಕು ಎಂದು ಬಂದವರಲ್ಲಿ ಎಷ್ಟೋ ಮಂದಿಗೆ ನಿಜವಾಗಿ ಬೇಕಿದ್ದುದು ಸರಿಯಾಗಿ ಕೂರುವ ಶರ್ಟು. ಮೈಗೆ ಅಂಟುವ ತೆಳು ಪಾಲಿಕಾಟನ್ ಬಟ್ಟೆ ಹೊಟ್ಟೆಯ ಪ್ರತಿ ತಿರುವನ್ನೂ ತೋರಿಸುತ್ತದೆ. ಅದೇ ಅಳತೆಗೆ ಸ್ವಲ್ಪ ದಪ್ಪ ಹತ್ತಿ ಅಥವಾ ಲಿನನ್ ಹೊಲಿಸಿದರೆ ಬಟ್ಟೆ ಮೈಯಿಂದ ಬಿಟ್ಟುಕೊಂಡು ನೇರವಾಗಿ ಇಳಿಯುತ್ತದೆ. ಹೊಟ್ಟೆಯ ಸುತ್ತಳತೆಗಿಂತ ನಾಲ್ಕು ಇಂಚು ಸಡಿಲ ಬಿಡಿಸಿ, ಬೆನ್ನಿನ ಹಿಂದೆ ಎರಡು ಡಾರ್ಟ್ (ಬಟ್ಟೆ ಮಡಿಚಿ ಹಾಕುವ ಹೊಲಿಗೆ) ಹಿಡಿಸಿ. ಮುಂದೆ ಜಾಗ ಸಿಗುತ್ತದೆ, ಹಿಂದೆ ಚೀಲದಂತೆ ಉಬ್ಬುವುದಿಲ್ಲ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಜಾರಿಸಿ ಬೆಲ್ಟಿನಲ್ಲಿ ಬಿಗಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಹಾಗೆ ಮಾಡಿದಷ್ಟೂ ಹೊಟ್ಟೆ ಮುಂದೆ ಬರುತ್ತದೆ. ಹೊಕ್ಕುಳಿನ ಹತ್ತಿರ ನಿಲ್ಲುವ ಪ್ಯಾಂಟು, ಮುಂದೆ ಒಂದು ಪ್ಲೀಟು, ಬೇಕಾದರೆ ಸಸ್ಪೆಂಡರ್: ಇಷ್ಟಕ್ಕೇ ಆಕಾರ ಬದಲಾಗುತ್ತದೆ.

ಎದೆ ಉಬ್ಬಿರುವುದು ಚಿಂತೆಯಾದರೆ ಶರ್ಟಿನ ಮೇಲೊಂದು ವೇಸ್ಟ್‌ಕೋಟ್ ಸಾಕು. ಒಳಗೆ ಕ್ಯಾನ್ವಾಸ್ ಹಾಕಿ ಹೊಲಿದ ಬಂದ್‌ಗಲಾ ಕೋಟು ತಾನೇ ಆಕಾರ ಹಿಡಿದು ನಿಲ್ಲುತ್ತದೆ, ಒಳಗಿನ ಮೈ ಹೇಗಿದ್ದರೂ ಹೊರಗೆ ಗೆರೆ ನೇರ. ಇಷ್ಟೆಲ್ಲ ಮಾಡಿದ ಮೇಲೂ ಸಮಾಧಾನವಾಗದಿದ್ದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಯಾವ ಬಗೆ ಬೇಕೆಂದು ತೀರ್ಮಾನಿಸಿ

ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುವುದು ಮುಖ್ಯವಾಗಿ ಮೂರು ಬಗೆ. ಭುಜದಿಂದ ಸೊಂಟದ ಕೆಳಗಿನವರೆಗೆ ಬರುವ ಕಂಪ್ರೆಷನ್ ಬನಿಯನ್ ಎದೆ ಮತ್ತು ಹೊಟ್ಟೆ ಎರಡನ್ನೂ ಹಿಡಿಯುತ್ತದೆ. ಹೊಟ್ಟೆಗೆ ಮಾತ್ರ ಸುತ್ತುವ ಹುಕ್ಕಿನ ಅಥವಾ ವೆಲ್ಕ್ರೋ ಬೆಲ್ಟು ಎರಡನೆಯದು. ಪಕ್ಕೆಯವರೆಗೆ ಏರುವ ಎತ್ತರದ ಚಡ್ಡಿ ಮೂರನೆಯದು. ಇದನ್ನೇ ಟಮ್ಮಿ ಟಕ್ಕರ್ ಎಂದು ಮಾರುತ್ತಾರೆ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಬನಿಯನ್. ಒತ್ತಡ ಇಡೀ ಮುಂಡಕ್ಕೆ ಹಂಚಿಹೋಗುವುದರಿಂದ ಒಂದೇ ಕಡೆ ಕೊರೆಯುವುದಿಲ್ಲ. ಬೆಲ್ಟು ಹಾಗಲ್ಲ. ಅದು ನಡುವೆ ಒತ್ತಿದ ಮಾಂಸ ಮೇಲಂಚಿನಿಂದಲೂ ಕೆಳಗಂಚಿನಿಂದಲೂ ಹೊರಗೆ ಬರುತ್ತದೆ. ಬೆಲ್ಟು ಕಟ್ಟಿದವರ ಶರ್ಟಿನ ಮೇಲೆ ಎರಡು ಮಡಿಕೆ ಎದ್ದು ಕಾಣುವುದು ಇದರಿಂದಲೇ. ಅದರೊಳಗಿನ ಪ್ಲಾಸ್ಟಿಕ್ ಕಡ್ಡಿಗಳು ಕೂತಾಗ ಪಕ್ಕೆಗೆ ಚುಚ್ಚುತ್ತವೆ. ಎತ್ತರದ ಚಡ್ಡಿಯ ಮೇಲಂಚು ಹೊಟ್ಟೆ ದೊಡ್ಡದಿರುವವರಲ್ಲಿ ಸುರುಳಿ ಸುತ್ತಿಕೊಂಡು ಕೆಳಗೆ ಜಾರುತ್ತದೆ.

ಬೆವರಿಳಿಸಿ ಕೊಬ್ಬು ಕರಗಿಸುತ್ತದೆ ಎಂದು ಮಾರುವ, ರಬ್ಬರಿನಂಥ ನಿಯೋಪ್ರೀನ್ ಅಂಗಿ, ಬೆಲ್ಟುಗಳನ್ನು ಕೊಳ್ಳಲೇಬೇಡಿ. ಅದರಿಂದ ಇಳಿಯುವ ತೂಕ ಮೈಯ ನೀರಿನದು, ನೀರು ಕುಡಿದರೆ ವಾಪಸ್ಸು ಬರುತ್ತದೆ. ಅದನ್ನು ತೊಟ್ಟು ಬಿಸಿಲಲ್ಲಿ ಓಡಿದರೆ ತಲೆಸುತ್ತು ಬಂದು ಬೀಳುವ ಅಪಾಯವಿದೆ.

ಲೇಬಲ್ ಓದಿ. ನೈಲಾನ್ ಸುಮಾರು 80 ಭಾಗ, ಎಲಾಸ್ಟೇನ್ 20 ಭಾಗ ಇರುವುದು ಸಾಮಾನ್ಯ ಮಿಶ್ರಣ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಕಂಕುಳು ಮತ್ತು ಬೆನ್ನಿನ ಭಾಗದಲ್ಲಿ ಜಾಳಿಗೆ ಹೆಣಿಗೆ ಇದ್ದರೆ ಒಳ್ಳೆಯದು. ಒಳಗೆ ಕೈಯಾಡಿಸಿ ಹೊಲಿಗೆ ಚಪ್ಪಟೆಯಾಗಿದೆಯೇ ನೋಡಿ. ಕಂಕುಳಲ್ಲಿ ಉಬ್ಬಿದ ಓವರ್‌ಲಾಕ್ ಹೊಲಿಗೆ ಇದ್ದರೆ ಸಂಜೆಯೊಳಗೆ ಚರ್ಮ ಕೆರೆದುಹೋಗುತ್ತದೆ.

ಹಂತ 3: ಅಳತೆ ನಿಜವಾಗಿ ತೆಗೆಯಿರಿ

ಎಲ್ಲಕ್ಕಿಂತ ಹೆಚ್ಚು ತೊಂದರೆ ಶುರುವಾಗುವುದು ಇಲ್ಲಿ. "ಒಂದು ಸೈಜು ಚಿಕ್ಕದು ಕೊಂಡರೆ ಇನ್ನೂ ಚೆನ್ನಾಗಿ ಹಿಡಿಯುತ್ತೆ" ಎಂಬ ನಂಬಿಕೆ ಅಂಗಡಿಯವರಲ್ಲೂ ಇದೆ, ಕೊಳ್ಳುವವರಲ್ಲೂ ಇದೆ. ಅದು ತಪ್ಪು. ತಯಾರಕರು ಬಟ್ಟೆಯನ್ನು ನಿಮ್ಮ ಅಳತೆಗಿಂತ ಚಿಕ್ಕದಾಗಿಯೇ ಕತ್ತರಿಸಿರುತ್ತಾರೆ, ಹಿಗ್ಗಿ ಹಿಡಿಯಲೆಂದೇ. ಅದರಲ್ಲೂ ಚಿಕ್ಕದನ್ನು ತೊಟ್ಟರೆ ಹೆಚ್ಚು ತೆಳ್ಳಗೆ ಕಾಣುವುದಿಲ್ಲ. ಅಂಚುಗಳಲ್ಲಿ ಮಾಂಸ ಉಕ್ಕುತ್ತದೆ, ಉಸಿರು ಕಟ್ಟುತ್ತದೆ.

ಬರಿಮೈಯಲ್ಲಿ ನಿಂತು, ಹೊಟ್ಟೆ ಒಳಕ್ಕೆ ಎಳೆಯದೆ, ಸಹಜವಾಗಿ ಉಸಿರು ಬಿಟ್ಟಾಗ ಹೊಕ್ಕುಳಿನ ಮಟ್ಟದಲ್ಲಿ ಟೇಪು ಸುತ್ತಿ. ಪ್ಯಾಂಟಿನ ಸೈಜನ್ನು ಬರೆದುಕೊಳ್ಳಬೇಡಿ. 36ರ ಪ್ಯಾಂಟು ಹೊಟ್ಟೆಯ ಕೆಳಗೆ ನಿಲ್ಲುವವರ ಹೊಟ್ಟೆಯ ಅಳತೆ 40 ಇರಬಹುದು. ಎದೆಯನ್ನು ಅತಿ ಉಬ್ಬಿದ ಜಾಗದಲ್ಲಿ ಅಳೆಯಿರಿ. ಎರಡು ಸೈಜುಗಳ ನಡುವೆ ಬಂದರೆ ದೊಡ್ಡದನ್ನೇ ಕೊಳ್ಳಿ. ಒಂದು ಕಂಪನಿಯ ಎಲ್ ಇನ್ನೊಂದರ ಡಬಲ್ ಎಕ್ಸ್‌ಎಲ್ ಆಗಿರಬಹುದು, ಆದ್ದರಿಂದ ಅಕ್ಷರ ಬಿಟ್ಟು ಇಂಚು ನೋಡಿ.

ಟೇಪು ಕೈಯಲ್ಲಿರುವಾಗಲೇ ಇನ್ನೊಂದು ವಿಷಯ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಅಂದರೆ ಸುಮಾರು 35 ಇಂಚು ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಅಪಾಯ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ. ಬನಿಯನ್ ಆ ಅಪಾಯವನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಅಳತೆ ದಾಟಿದ್ದರೆ ಒಮ್ಮೆ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ.

ಹಂತ 4: ಮನೆಯಲ್ಲಿ ತೊಟ್ಟು ನೋಡಿ

ಕಾರ್ಯಕ್ರಮದ ದಿನವೇ ಮೊದಲ ಸಲ ತೊಡುವುದು ಬೇಡ. ಸ್ನಾನ ಮಾಡಿ ಮೈ ಪೂರ್ತಿ ಒರೆಸಿ, ಒದ್ದೆ ಆರಿದ ಮೇಲೆ ತೊಡಿ. ಎಣ್ಣೆ, ಕ್ರೀಮು ಹಚ್ಚಿದ್ದರೆ ಬಟ್ಟೆ ಜಾರುತ್ತದೆ, ಎಲಾಸ್ಟೇನ್ ಬೇಗ ಹಾಳಾಗುತ್ತದೆ. ತಲೆಯ ಮೇಲಿಂದ ಹಾಕಿಕೊಳ್ಳಲು ಒದ್ದಾಡುವವರು ಕಾಲಿನಿಂದ ಪ್ಯಾಂಟಿನಂತೆ ಏರಿಸಿ ನೋಡಿ, ಎಷ್ಟೋ ಸುಲಭ. ಆಮೇಲೆ ಬೆನ್ನಿನ ಹಿಂದೆ ಸುಕ್ಕು ಉಳಿಯದಂತೆ ಕೆಳಗೆ ಎಳೆದುಕೊಳ್ಳಿ. ಮಡಿಚಿಕೊಂಡ ಒಂದು ಸುಕ್ಕಿನಲ್ಲಿ ಒತ್ತಡ ಇಮ್ಮಡಿ.

ಈಗ ಪರೀಕ್ಷೆ. ಅಂಚಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎದೆ ತುಂಬ ಉಸಿರು ಎಳೆದುಕೊಳ್ಳಲು ಆಗಬೇಕು. ಕುರ್ಚಿಯಲ್ಲಿ ಕೂತು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೆಟ್ಟಿಲು ಹತ್ತಿ ಇಳಿದು, ಬಗ್ಗಿ ಶೂ ಲೇಸು ಕಟ್ಟಿ ನೋಡಿ. ಒಂದು ತಿಂಡಿ ತಿಂದು ನೋಡಿ. ಶೌಚಾಲಯಕ್ಕೆ ಹೋಗಿ ಬನ್ನಿ. ಎಷ್ಟೋ ಎತ್ತರದ ಚಡ್ಡಿಗಳಿಗೆ ಮುಂದೆ ತೆರಪೇ ಇರುವುದಿಲ್ಲ, ಪೂರ್ತಿ ಇಳಿಸಬೇಕು. ಕಲ್ಯಾಣ ಮಂಟಪದಲ್ಲಿ ಶೇರ್ವಾನಿ ಒಳಗೆ ಅದು ಆಗದ ಕೆಲಸ. ಒಂದು ಗಂಟೆ ತೊಟ್ಟಿದ್ದು ಬಿಚ್ಚಿ, ಕನ್ನಡಿಯಲ್ಲಿ ಚರ್ಮ ನೋಡಿ. ತೆಳು ಗೆರೆಗಳು ಅರ್ಧ ಗಂಟೆಯಲ್ಲಿ ಮಾಯವಾದರೆ ಅಳತೆ ಸರಿಯಿದೆ. ಕೆಂಪಗೆ ಕೊರೆದ ಗುರುತು ಗಂಟೆಗಟ್ಟಲೆ ಉಳಿದರೆ ಆ ಸೈಜು ನಿಮ್ಮದಲ್ಲ.

ಹಂತ 5: ಆ ದಿನ

ಮದುಮಗನನ್ನೇ ತೆಗೆದುಕೊಳ್ಳೋಣ. ಧಾರೆಯ ಹೊತ್ತಿಗೆ ಪಂಚೆ, ಶಲ್ಯದಲ್ಲಿ ಕೂರುವ ಮನೆಗಳಲ್ಲಿ ಇದರ ಮಾತೇ ಬರುವುದಿಲ್ಲ. ಹಾಕಿಕೊಳ್ಳುವವರೂ ಮುಹೂರ್ತದ ಹೊತ್ತಿಗೆ ಬೇಡ. ಹೋಮದ ಬಿಸಿ, ನೆಲದ ಮೇಲೆ ಗಂಟೆಗಟ್ಟಲೆ ಕೂರುವುದು, ಉಪವಾಸ, ನಿದ್ದೆಗೇಡು ಎಲ್ಲ ಒಟ್ಟಿಗಿರುತ್ತವೆ. ಆರತಕ್ಷತೆಗೆ ಮಾತ್ರ ಇಟ್ಟುಕೊಳ್ಳಿ. ವೇದಿಕೆ ಏರುವ ಅರ್ಧ ಗಂಟೆ ಮುಂಚೆ ತೊಡಿ, ಫೋಟೋ ಮುಗಿದ ಕೂಡಲೇ ಊಟಕ್ಕೆ ಮೊದಲು ಬಿಚ್ಚಿ. ಬೆವರಿನಲ್ಲಿ ನೆಂದ ಬನಿಯನ್ ಮೈಗೆ ಅಂಟಿಕೊಂಡು ಒಬ್ಬರಿಂದಲೇ ಬಿಚ್ಚಲಾಗುವುದಿಲ್ಲ. ತಮ್ಮನಿಗೋ ಗೆಳೆಯನಿಗೋ ಮೊದಲೇ ಹೇಳಿಟ್ಟಿರಿ. ಬ್ಯಾಗಿನಲ್ಲಿ ಒಂದು ಟವೆಲು, ಒಂದು ಸಾದಾ ಹತ್ತಿ ಬನಿಯನ್ ಇರಲಿ.

ಮೂತ್ರಕ್ಕೆ ಹೋಗುವುದು ಕಷ್ಟವೆಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರಿಲ್ಲದೆ, ಬಿಗಿ ಬಟ್ಟೆಯಲ್ಲಿ, ವೇದಿಕೆಯ ಲೈಟುಗಳ ಕೆಳಗೆ ನಿಂತವರಿಗೆ ಕಣ್ಣು ಕತ್ತಲೆ ಬರುವುದು ಸಹಜ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆ ಹಗಲಿನ ಕಾರ್ಯಕ್ರಮಕ್ಕೆ ಇದನ್ನು ತೊಡಲೇಬೇಡಿ ಎನ್ನುತ್ತೇನೆ. ಮಂಗಳೂರು, ಉಡುಪಿಯ ಜಿಗುಟು ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಅಲ್ಲಿ ಎರಡು ಗಂಟೆಯೇ ಹೆಚ್ಚು. ತಂಪು ಹವೆಯಲ್ಲಿ, ಸರಿಯಾದ ಅಳತೆಯದಾದರೆ ನಾಲ್ಕು ಗಂಟೆ ನನ್ನ ಲೆಕ್ಕದ ಮಿತಿ. ದಿನಾ ಆಫೀಸಿಗೆ ಬೆಳಗ್ಗಿಂದ ಸಂಜೆವರೆಗೆ ತೊಡುವುದು, ತೊಟ್ಟು ಮಲಗುವುದು ಎರಡೂ ಬೇಡ.

ಎಲ್ಲಿ ಸಂಕಟ, ಏನು ಕಾರಣ

ಎದೆಯುರಿ, ಹುಳಿತೇಗು. ಹೊಟ್ಟೆಯ ಮೇಲೆ ಒತ್ತಡ ಬಿದ್ದಾಗ ಜಠರದ ಆಮ್ಲ ಅನ್ನನಾಳಕ್ಕೆ ಏರುತ್ತದೆ. ಊಟ ಮಾಡಿ ತೊಟ್ಟರೆ, ತೊಟ್ಟು ಬಗ್ಗಿದರೆ ಇನ್ನೂ ಹೆಚ್ಚು. ಮೊದಲೇ ಆಸಿಡಿಟಿ ಇರುವವರಿಗೆ ಹೊಟ್ಟೆ ಒತ್ತುವ ಯಾವ ಉಡುಪೂ ಹೊಂದುವುದಿಲ್ಲ. ಎದೆಯುರಿ ಎಂದುಕೊಂಡದ್ದು ಬಿಚ್ಚಿದ ಮೇಲೂ ಹೋಗದೆ ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು, ತಣ್ಣನೆ ಬೆವರು ಜೊತೆಗಿದ್ದರೆ ಬನಿಯನ್ನಿನ ಮೇಲೆ ತಪ್ಪು ಹೊರಿಸಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ತೊಡೆಯ ಹೊರಮಗ್ಗುಲು ಜೋಮು. ಇದನ್ನು ಬಹಳ ಜನ ಗುರುತಿಸುವುದಿಲ್ಲ. ಸೊಂಟದ ಮುಂಭಾಗದ ಮೂಳೆಯ ಒಳಬದಿಯಿಂದ ಒಂದು ನರ ತೊಡೆಗೆ ಇಳಿಯುತ್ತದೆ. ಎತ್ತರದ ಚಡ್ಡಿಯ ಅಥವಾ ಬೆಲ್ಟಿನ ಕೆಳ ಅಂಚು ಸರಿಯಾಗಿ ಅಲ್ಲೇ ಒತ್ತಿದರೆ ತೊಡೆಯ ಹೊರಗಡೆ ಉರಿ, ಚುಚ್ಚಿದಂತಾಗುವುದು, ಮುಟ್ಟಿದರೆ ಗೊತ್ತಾಗದಿರುವುದು ಶುರುವಾಗುತ್ತದೆ. ವೈದ್ಯರು ಇದಕ್ಕೆ ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎನ್ನುತ್ತಾರೆ. ಬಿಗಿ ಬೆಲ್ಟು, ಹೆಚ್ಚಿದ ಹೊಟ್ಟೆ, ಸಕ್ಕರೆ ಕಾಯಿಲೆ ಇವೆಲ್ಲ ಕಾರಣವಾಗುತ್ತವೆ. ಆ ನರ ಸ್ಪರ್ಶಕ್ಕೆ ಮಾತ್ರ ಸಂಬಂಧಿಸಿದ್ದು, ಕಾಲಿನ ಬಲ ಕುಂದುವುದಿಲ್ಲ. ಬಿಗಿ ಉಡುಪು ಬಿಟ್ಟರೆ ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ವಾರಗಳೇ ಬೇಕಾಗಬಹುದು. ಕಾಲು ಸೋತಂತಾದರೆ ಅಥವಾ ಬೆನ್ನಿನಿಂದ ನೋವು ಇಳಿಯುತ್ತಿದ್ದರೆ ಕಾರಣ ಬೇರೆ, ವೈದ್ಯರಿಗೆ ತೋರಿಸಿ.

ತುರಿಕೆ. ಕಂಕುಳು, ಎದೆಯ ಕೆಳಮಡಿಕೆ, ತೊಡೆಸಂದು ಬೆವರಿನಲ್ಲಿ ನೆನೆದು ಗಾಳಿಯಿಲ್ಲದೆ ಉಳಿದರೆ ಮೊದಲು ಬೆವರುಸಾಲೆ, ಆಮೇಲೆ ಗಜಕರ್ಣ. ಅಂಚು ಉಬ್ಬಿ ಕೆಂಪಗೆ ಉಂಗುರದಂತೆ ಹರಡಿದರೆ ಅದು ಶಿಲೀಂಧ್ರ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬು ಕೊಡುವುದುಂಟು. ಅದರಲ್ಲಿ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್‌ನಂಥ ಸ್ಟೆರಾಯ್ಡ್ ಇದ್ದರೆ ಎರಡು ದಿನ ತುರಿಕೆ ನಿಂತು, ಸೋಂಕು ಒಳಗೊಳಗೇ ಹರಡುತ್ತದೆ, ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. ಆ ಟ್ಯೂಬು ಮುಟ್ಟಬೇಡಿ, ಚರ್ಮದ ವೈದ್ಯರ ಬಳಿ ಹೋಗಿ. ವಾಸಿಯಾಗುವವರೆಗೆ ಶೇಪ್‌ವೇರ್ ಪೂರ್ತಿ ಬಂದ್. ತುರಿಕೆ ಅಂಚಿನ ಪಟ್ಟಿ ತಾಗುವ ಕಡೆ ಮಾತ್ರ ಇದ್ದರೆ ಅದರ ರಬ್ಬರು ಅಥವಾ ಸಿಲಿಕೋನ್ ಹಿಡಿತ ನಿಮ್ಮ ಚರ್ಮಕ್ಕೆ ಆಗುತ್ತಿಲ್ಲ. ಬಟ್ಟೆಯದೇ ಅಂಚಿರುವುದನ್ನು ಆರಿಸಿ.

ವೃಷಣದ ಭಾಗದಲ್ಲಿ ಬಿಸಿ, ಬಿಗಿತ. ವೀರ್ಯಾಣು ತಯಾರಾಗಲು ಆ ಭಾಗ ಮೈಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಬೇಕು. 2018ರಲ್ಲಿ ಅಮೆರಿಕದ ಬಾಸ್ಟನ್ನಿನ ಫರ್ಟಿಲಿಟಿ ಕೇಂದ್ರಕ್ಕೆ ಬಂದ 656 ಗಂಡಸರ ಮೇಲಿನ ಅಧ್ಯಯನ ಪ್ರಕಟವಾಯಿತು. ಸಡಿಲ ಬಾಕ್ಸರ್ ಹೆಚ್ಚಾಗಿ ಹಾಕುವವರಲ್ಲಿ ವೀರ್ಯಾಣುಗಳ ಸಾಂದ್ರತೆ ಬಿಗಿ ಒಳಉಡುಪಿನವರಿಗಿಂತ 25% ಹೆಚ್ಚಿತ್ತು. ಒಂದು ಸಂಜೆ ತೊಟ್ಟರೆ ಏನೂ ಆಗದು. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಮಾತ್ರ ಚಡ್ಡಿಯ ಬಗೆಯನ್ನು ಬಿಟ್ಟುಬಿಡಿ, ಬನಿಯನ್ ಸಾಕು.

ಉಸಿರು ಮೇಲುಮೇಲೆ ಆಡುವುದು, ಬೆರಳು ಜುಮುಗುಟ್ಟುವುದು, ತಲೆಸುತ್ತು. ಇದಕ್ಕೆ ಚರ್ಚೆಯೇ ಇಲ್ಲ, ಎಲ್ಲಿದ್ದರೂ ಬಿಚ್ಚಿ. ಬಿಚ್ಚಲಾಗದಿದ್ದರೆ ಕತ್ತರಿ ಹಾಕಿ.

ಕೆಲವರು ತೊಡಬಾರದು

ಹರ್ನಿಯಾ ಇರುವವರು ಇದನ್ನು ಹರ್ನಿಯಾ ಬೆಲ್ಟಿನ ಬದಲಿಗೆ ಬಳಸಬಾರದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು ವೈದ್ಯರನ್ನು ಕೇಳದೆ ತೊಡಬೇಡಿ. ಹಳೆಯ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾಗಿರುವವರಿಗೆ ಅಂಚು ಕೊರೆದು ಗಾಯವಾದರೂ ತಿಳಿಯುವುದಿಲ್ಲ. ಆಪರೇಷನ್ ನಂತರ ಸರ್ಜನ್ ಬರೆದುಕೊಡುವ ಕಂಪ್ರೆಷನ್ ಉಡುಪು ಬೇರೆ, ಅದನ್ನು ಅವರು ಹೇಳಿದಷ್ಟು ದಿನ ಹೇಳಿದಂತೆಯೇ ತೊಡಿ.

ಹುಡುಗರ ಎದೆಯ ವಿಷಯ

ಇದನ್ನು ತಂದೆತಾಯಂದಿರು ಓದಬೇಕು. ಹದಿಮೂರು, ಹದಿನಾಲ್ಕರ ಹುಡುಗರಲ್ಲಿ ಎದೆ ಉಬ್ಬುವುದು ತೀರಾ ಸಾಮಾನ್ಯ. ಹರೆಯದ ಹಾರ್ಮೋನುಗಳ ಏರುಪೇರಿನಿಂದ ಬರುವ ಇದು ಹೆಚ್ಚಿನವರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಅಷ್ಟರಲ್ಲಿ ಶಾಲೆಯಲ್ಲಿ ಆಡಿಕೊಳ್ಳುತ್ತಾರೆಂದು ಮಕ್ಕಳು ಯಾರಿಗೂ ಹೇಳದೆ ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜು ತಂದು ಎದೆಗೆ ಸುತ್ತಿಕೊಳ್ಳುತ್ತಾರೆ. ಅದು ಓಡಾಡಿದಂತೆಲ್ಲ ಬಿಗಿಯಾಗುತ್ತ ಹೋಗಿ ಪಕ್ಕೆಲುಬು ಹಿಂಡುತ್ತದೆ, ಉಸಿರು ಕಟ್ಟಿಸುತ್ತದೆ. ಆಟದ ಪಿರಿಯಡ್ಡಿನಲ್ಲಿ ಇನ್ನೂ ಅಪಾಯ. ಮಗ ಆಟಕ್ಕೆ ಹೋಗುವುದನ್ನು ಬಿಟ್ಟಿದ್ದರೆ, ಸೆಕೆಯಲ್ಲೂ ಎರಡು ಬನಿಯನ್ ಹಾಕುತ್ತಿದ್ದರೆ, ಗೂನು ಬೆನ್ನಾಗಿ ನಡೆಯುತ್ತಿದ್ದರೆ ಬೈಯದೆ ಕೇಳಿ. ಒಮ್ಮೆ ವೈದ್ಯರ ಬಾಯಿಂದ "ಇದು ಸಹಜ, ಹೋಗುತ್ತೆ" ಎಂದು ಕೇಳಿಸಿದರೆ ಅರ್ಧ ಭಾರ ಇಳಿಯುತ್ತದೆ. ಶಾಲೆಯ ಅಂಗಿಯನ್ನು ಒಂದು ಸೈಜು ದೊಡ್ಡದು, ದಪ್ಪ ಬಟ್ಟೆಯಲ್ಲಿ ಹೊಲಿಸಿಕೊಡಿ.

ದೊಡ್ಡವರಲ್ಲಿ ಹೊಸದಾಗಿ ಎದೆ ಉಬ್ಬಿದರೆ ಮುಚ್ಚಿಡುವ ಮೊದಲು ಕಾರಣ ತಿಳಿಯಬೇಕು. ಬಿಪಿಗೆ ಕೊಡುವ ಸ್ಪೈರನೊಲ್ಯಾಕ್ಟೋನ್‌ನಂಥ ಕೆಲವು ಮಾತ್ರೆಗಳಿಂದ, ಮೈಕಟ್ಟು ಬೆಳೆಸಲೆಂದು ಜಿಮ್‌ಗಳಲ್ಲಿ ಕೈಬದಲಾಗುವ ಅನಬಾಲಿಕ್ ಸ್ಟೆರಾಯ್ಡ್‌ನಿಂದ, ಲಿವರ್ ಮತ್ತು ಥೈರಾಯ್ಡ್ ತೊಂದರೆಯಿಂದ ಹೀಗಾಗುತ್ತದೆ. ಒಂದೇ ಕಡೆ ಗಟ್ಟಿ ಗಂಟು, ಮೊಲೆತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ಮೊಲೆತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು ಕಂಡರೆ ತಡಮಾಡಬೇಡಿ. ಸ್ತನ ಕ್ಯಾನ್ಸರಿನ ನೂರು ಪ್ರಕರಣಗಳಲ್ಲಿ ಸುಮಾರು ಒಂದು ಗಂಡಸರದು.

ಒಗೆಯುವುದು, ಎಸೆಯುವುದು

ಒಮ್ಮೆ ತೊಟ್ಟದ್ದನ್ನು ಒಗೆಯದೆ ಮತ್ತೆ ತೊಡಬೇಡಿ. ತಣ್ಣೀರು, ಮೆದು ಸೋಪಿನ ಪುಡಿ, ಕೈಯಲ್ಲಿ ಹಿಸುಕುವುದು ಸಾಕು. ಬ್ರಷ್ಷು, ಬ್ಲೀಚಿಂಗ್, ಕುದಿನೀರು, ಇಸ್ತ್ರಿ, ಮೆಷಿನ್ ಡ್ರೈಯರ್ ಬೇಡ. ಪರಿಮಳದ ಫ್ಯಾಬ್ರಿಕ್ ಕಂಡೀಷನರ್ ನೂಲಿಗೆ ಲೇಪವಾಗಿ ಹಿಗ್ಗುವ ಗುಣ ಕೆಡಿಸುತ್ತದೆ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಗಾಳಿಗೆ ಹರವಿ. ಅಣ್ಣತಮ್ಮಂದಿರೇ ಆದರೂ ಒಬ್ಬರದನ್ನು ಇನ್ನೊಬ್ಬರು ತೊಡಬಾರದು, ಗಜಕರ್ಣ ಹೀಗೇ ಮನೆ ತುಂಬ ಹರಡುತ್ತದೆ. ಅಂಚು ಅಲೆಯಲೆಯಾಗಿ ನಿಂತು, ಎಳೆದು ಬಿಟ್ಟರೆ ಮೊದಲಿನ ಅಳತೆಗೆ ಬರದಿದ್ದರೆ ಎಲಾಸ್ಟೇನ್ ಸತ್ತಿದೆ. ಅಂಥದ್ದು ಒಂದು ಕಡೆ ಸಡಿಲ, ಇನ್ನೊಂದು ಕಡೆ ಕೊರೆತ. ಎಸೆದು, ಹೊಸದು ಕೊಳ್ಳುವ ಮೊದಲು ಮತ್ತೆ ಅಳತೆ ತೆಗೆಯಿರಿ.